ಫ್ರೀಜರಿನಲ್ಲಿ ಮೊಸರು ಕಲ್ಲಾಗದಂತೆ: ಹಣ್ಣು ಸೇರಿಸಿದ ಮೊಸರಿನ ಬಿಲ್ಲೆ

ಪ್ರಶ್ನೆ: ಮಕ್ಕಳಿಗೆಂದು ಪ್ಯಾಕೆಟ್ ಮೊಸರಿಗೆ ಸ್ವಲ್ಪ ಜೇನು, ಸ್ಟ್ರಾಬೆರಿ ಹೋಳು ಬೆರೆಸಿ ಟ್ರೇಯಲ್ಲಿ ಹರಡಿ ರಾತ್ರಿ ಫ್ರೀಜರಿನಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಕಲ್ಲು. ಮೇಲೆ ಮಂಜಿನ ಪುಡಿ, ಒಳಗೆಲ್ಲ ಐಸಿನ ಗೀಟು, ಹಣ್ಣಿನ ಹೋಳು ಹಲ್ಲಿಗೆ ಸಿಕ್ಕರೆ ಬರೀ ಐಸ್ ಕಚ್ಚಿದಂತೆ. ಮುಂದಿನ ಸಲ ಅನಾನಸ್ ಹಾಕಿದೆ, ಮೊಸರೇ ಕಹಿಯಾಯಿತು. ಐಸ್‌ಕ್ರೀಮ್ ಮಷೀನ್ ಇಲ್ಲದೆ ಇದನ್ನು ಸರಿಯಾಗಿ ಮಾಡುವುದು ಹೇಗೆ? ಸಕ್ಕರೆ ತೀರಾ ಕಡಿಮೆ ಮಾಡಬಹುದೇ? ಹಾಪೂಸ್ ಮಾವಿನ ಸೀಸನ್ನಿನಲ್ಲಿ ಏನು ಬದಲಿಸಬೇಕು? ಅಂಗಡಿಯ ಶ್ರೀಖಂಡವನ್ನೇ ಬಳಸಿದರೆ ನಡೆಯುತ್ತದೆಯೇ?
– ಡೊಂಬಿವಲಿಯ ಓದುಗರೊಬ್ಬರು

ಉತ್ತರ: ನೀವು ಬರೆದ ತೊಂದರೆಗಳಲ್ಲಿ ಅನಾನಸಿನ ಕಹಿಯೊಂದನ್ನು ಬಿಟ್ಟರೆ ಉಳಿದವಕ್ಕೆಲ್ಲ ಮೂಲ ಒಂದೇ, ನೀರು. ಟೋನ್ಡ್ ಹಾಲಿನ ಪ್ಯಾಕೆಟ್ ಮೊಸರಿನಲ್ಲಿ ನೂರಕ್ಕೆ 87ರಷ್ಟು ನೀರೇ ಇರುತ್ತದೆ. 400 ಗ್ರಾಮಿನ ಡಬ್ಬಿ ತಂದರೆ ಅದರಲ್ಲಿ 350 ಗ್ರಾಂ ನೀರು. ಸ್ಟ್ರಾಬೆರಿಯಲ್ಲಿ ನೂರಕ್ಕೆ 90. ಎರಡನ್ನೂ ಬೆರೆಸಿ ಫ್ರೀಜರಿನಲ್ಲಿಟ್ಟರೆ ಆಗುವುದು ಮೊಸರಿನ ರುಚಿಯ ಐಸ್. ಮಷೀನಿನಲ್ಲಿ ಮಾಡುವಾಗ ಅದು ಕಲಕುತ್ತಲೇ ಇರುವುದರಿಂದ ಐಸಿನ ಹರಳು ದೊಡ್ಡದಾಗುವುದಿಲ್ಲ, ಜೊತೆಗೆ ಗಾಳಿಯೂ ಸೇರಿ ಹಗುರವಾಗುತ್ತದೆ. ನಮ್ಮಲ್ಲಿ ಕಲಕುವವರು ಯಾರೂ ಇಲ್ಲ. ಹಾಗಾಗಿ ಫ್ರೀಜರಿಗೆ ಹೋಗುವ ಮೊದಲೇ ನೀರನ್ನು ಕಡಿಮೆ ಮಾಡಬೇಕು, ಉಳಿದ ನೀರು ಪೂರ್ತಿ ಐಸಾಗದಂತೆ ಸಕ್ಕರೆಯಿಂದ ಹಿಡಿದಿಡಬೇಕು, ತೆಳ್ಳಗೆ ಹರಡಿ ಬೇಗ ಫ್ರೀಜ್ ಮಾಡಬೇಕು. ಈ ಮೂರರಲ್ಲಿ ಮೊದಲನೆಯದಕ್ಕೆ ಹೆಚ್ಚು ಗಮನ ಕೊಡಿ. ಅದು ಸರಿಹೋದರೆ ಮುಕ್ಕಾಲು ಕೆಲಸ ಮುಗಿದಂತೆ.

ಮೊಸರಿನಿಂದಲೇ ಶುರು ಮಾಡೋಣ. ಪೂರ್ಣ ಕೆನೆಯ ಹಾಲು ತೆಗೆದುಕೊಳ್ಳಿ. ಪ್ಯಾಕೆಟ್ಟಿನ ಮೇಲೆ ಫುಲ್ ಕ್ರೀಮ್ ಎಂದಿದ್ದರೆ ಕೊಬ್ಬು ಶೇ. 6 ಇರುತ್ತದೆ, ಟೋನ್ಡ್ ಹಾಲಿನಲ್ಲಿ ಶೇ. 3 ಮಾತ್ರ. ಹತ್ತಿರದಲ್ಲಿ ತಬೇಲೆಯ ಎಮ್ಮೆ ಹಾಲು ಸಿಗುತ್ತಿದ್ದರೆ ಇನ್ನೂ ಒಳ್ಳೆಯದು. ಒಂದು ಲೀಟರ್ ಹಾಲನ್ನು ಕಾಯಿಸಿ, ಉಕ್ಕು ಬಂದ ಮೇಲೂ ಸಣ್ಣ ಉರಿಯಲ್ಲಿ 10 ನಿಮಿಷ ತಳ ಕೆದಕುತ್ತಾ ಬಿಡಿ. ಈ ಹತ್ತು ನಿಮಿಷ ವ್ಯರ್ಥವಲ್ಲ. ಆ ಶಾಖಕ್ಕೆ ಹಾಲಿನ ತಿಳಿಯಲ್ಲಿರುವ ಪ್ರೋಟೀನೂ ಮೊಸರಿನ ಗಟ್ಟಿ ಭಾಗದೊಂದಿಗೆ ಸೇರಿಕೊಳ್ಳುತ್ತದೆ, ಮೊಸರು ದಪ್ಪವಾಗಿ ಹೆಪ್ಪಾಗುತ್ತದೆ, ಆಮೇಲೆ ನೀರು ಬಿಡುವುದೂ ಕಡಿಮೆ. ಆಮೇಲೆ ಇಳಿಸಿ ಆರಲು ಬಿಡಿ. ಬೆರಳು ಅದ್ದಿದರೆ ಬಿಸಿ ತಾಗಬೇಕು, ಸುಡಬಾರದು. ಥರ್ಮಾಮೀಟರ್ ಇದ್ದರೆ 42ರಿಂದ 43 ಡಿಗ್ರಿ. ಆಗ ಒಂದು ಚಹಾ ಚಮಚ ತಾಜಾ ಮೊಸರಿನ ಹೆಪ್ಪು ಹಾಕಿ. ಮುಂಬಯಿಯ ಬೇಸಿಗೆಯಲ್ಲಿ ನಾಲ್ಕೈದು ಗಂಟೆಗೆ ಆಗುತ್ತದೆ. ಪುಣೆಯ ಡಿಸೆಂಬರ್ ರಾತ್ರಿಯಲ್ಲಿ ಎಂಟು–ಹತ್ತು ಗಂಟೆ ಬೇಕಾದೀತು, ಪಾತ್ರೆಗೆ ದಪ್ಪ ಟವೆಲ್ ಸುತ್ತಿ ಇಡಿ. ಹೆಪ್ಪಾದ ಕೂಡಲೇ ಫ್ರಿಜ್ಜಿಗೆ ಹಾಕಿ. ಹೊರಗೆ ಬಿಟ್ಟಷ್ಟೂ ಹುಳಿ ಏರುತ್ತದೆ, ಹುಳಿ ಏರಿದಷ್ಟೂ ಆಮೇಲೆ ಸಕ್ಕರೆ ಬೇಡುತ್ತದೆ.

ಈಗ ಕಟ್ಟುವುದು. ಶ್ರೀಖಂಡ ಮಾಡುವ ಮನೆಗಳಲ್ಲಿ ಇದು ಗೊತ್ತಿರುವ ಕೆಲಸವೇ. ಮಹಾರಾಷ್ಟ್ರದಲ್ಲಿ ಕಟ್ಟಿದ ಮೊಸರಿಗೆ ಚಕ್ಕಾ ಎನ್ನುತ್ತಾರೆ, ಗುಡಿಪಾಡ್ವ, ದಸರೆಯ ಹೊತ್ತಿಗೆ ಡೇರಿಗಳಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತದೆ. ತಾಜಾ ಚಕ್ಕಾ ಸಿಕ್ಕರೆ ಧಾರಾಳವಾಗಿ ಬಳಸಿ. ಆದರೆ ಕೊಳ್ಳುವ ಮುನ್ನ ಬೆರಳ ತುದಿಯಷ್ಟು ರುಚಿ ನೋಡಿ, ಮೂಗಿಗೆ ಹುಳಿ ವಾಸನೆ ಬಂದರೆ ಬೇಡ. ಮನೆಯಲ್ಲಿ ಕಟ್ಟುವುದಾದರೆ ತೆಳು ಮಲ್ ಬಟ್ಟೆ ಅಥವಾ ಹಳೆಯ ಹತ್ತಿ ಪಂಚೆಯ ತುಂಡನ್ನು ಸೋಪಿಲ್ಲದೆ ಬಿಸಿ ನೀರಿನಲ್ಲಿ ಕುದಿಸಿ ಹಿಂಡಿಟ್ಟುಕೊಳ್ಳಿ. ವಾಷಿಂಗ್ ಪೌಡರಿನ ವಾಸನೆ ಮೊಸರಿಗೆ ಬಹಳ ಬೇಗ ಹತ್ತುತ್ತದೆ. ಆಳದ ಪಾತ್ರೆಯ ಮೇಲೆ ಜರಡಿ, ಜರಡಿಯ ಮೇಲೆ ಎರಡು ಪದರ ಬಟ್ಟೆ, ಅದರೊಳಗೆ ಒಂದು ಕಿಲೋ ಮೊಸರು. ಬಾಯಿ ಕಟ್ಟಿ, ಜರಡಿ ಸಮೇತ ಫ್ರಿಜ್ಜಿನೊಳಗೆ ಇಡಿ. ನಲ್ಲಿಗೋ ಕಿಟಕಿ ಸರಳಿಗೋ ತೂಗುಹಾಕುವ ರೂಢಿ ಇದೆ. ಚಳಿಗಾಲದ ಪುಣೆಯಲ್ಲಿ ಅದು ನಡೆದೀತು, ಮುಂಬಯಿ–ಗೋವಾದ ಸೆಕೆಯಲ್ಲಿ ನಡೆಯುವುದಿಲ್ಲ. 30 ಡಿಗ್ರಿಯಲ್ಲಿ ಎಂಟು ಗಂಟೆ ತೂಗಿದ ಮೊಸರು ಶ್ರೀಖಂಡಕ್ಕೂ ಸಲ್ಲದಷ್ಟು ಹುಳಿಯಾಗಿರುತ್ತದೆ.

ಮೊದಲ ಅರ್ಧ ಗಂಟೆ ತಿಳಿ ಸಣ್ಣ ಧಾರೆಯಾಗಿ ಇಳಿಯುತ್ತದೆ, ಆಮೇಲೆ ತೊಟ್ಟು ತೊಟ್ಟಾಗಿ. ಎರಡು ಗಂಟೆ ಕಳೆದ ಮೇಲೆ ಗಂಟಿನ ಮೇಲೊಂದು ತಟ್ಟೆ, ತಟ್ಟೆಯ ಮೇಲೆ ಅರ್ಧ ಕಿಲೋ ತೂಕದ ಡಬ್ಬಿ ಇಡಿ. ಮೊದಲೇ ಭಾರ ಹೇರಿದರೆ ಮೊಸರೇ ಬಟ್ಟೆಯ ಸಂದಿನಿಂದ ಬೆಳ್ಳಗೆ ಹೊರಬರುತ್ತದೆ. ರಾತ್ರಿಯಿಡೀ, ಅಂದರೆ ಎಂಟು–ಹತ್ತು ಗಂಟೆ ಬಿಟ್ಟರೆ ಒಂದು ಕಿಲೋದಿಂದ 450 ಗ್ರಾಂ ಆಸುಪಾಸು ಉಳಿಯುತ್ತದೆ. ಬಟ್ಟೆ ಬಿಡಿಸಿ ನೋಡಿ: ಅಂಚು ಅಂಟದೆ ಸಲೀಸಾಗಿ ಏಳಬೇಕು, ಮೇಲ್ಮೈ ಮೇಲೆ ನೇಯ್ಗೆಯ ಗುರುತು ಸ್ಪಷ್ಟವಾಗಿ ಮೂಡಿರಬೇಕು, ಹೆಬ್ಬೆರಳಿನಿಂದ ಒತ್ತಿದ ಕುಳಿಯಲ್ಲಿ ನೀರು ನಿಲ್ಲಬಾರದು. ಬಟ್ಟೆಗೆ ಲೋಳೆಯಂತೆ ಮೆತ್ತಿಕೊಂಡಿದ್ದರೆ ಇನ್ನೆರಡು ಗಂಟೆ ಬೇಕು. ಒಂದು ಕಿಲೋ ಮೊಸರಿನಲ್ಲಿದ್ದ ಸುಮಾರು 850 ಗ್ರಾಂ ನೀರಿನಲ್ಲಿ ಈಗ ಉಳಿದದ್ದು 330ರಷ್ಟು. ತಿಳಿಯೊಂದಿಗೆ ಹುಳಿಯೂ ಒಂದಷ್ಟು ಹೋಗಿರುತ್ತದೆ, ಅದು ಇನ್ನೊಂದು ಲಾಭ. ಆ ತಿಳಿಯನ್ನು ಚೆಲ್ಲಬೇಡಿ. ಚಪಾತಿ ಹಿಟ್ಟು ಕಲಸಲು, ಮಜ್ಜಿಗೆ ಹುಳಿಗೆ, ಕಢಿಗೆ ಚೆನ್ನಾಗಿರುತ್ತದೆ, ಫ್ರಿಜ್ಜಿನಲ್ಲಿ ಎರಡು ದಿನ ಇಡಬಹುದು.

ಇನ್ನು ಅಳತೆ. 450 ಗ್ರಾಂ ಕಟ್ಟಿದ ಮೊಸರಿಗೆ 70 ಗ್ರಾಂ ಸಕ್ಕರೆ (ಪುಡಿ ಮಾಡುವ ಮುನ್ನ ಅಳೆದರೆ ತಲೆ ಸವರಿದ ಐದೂವರೆ ದೊಡ್ಡ ಚಮಚ), 50 ಗ್ರಾಂ ಫ್ರೆಶ್ ಕ್ರೀಮ್, ಕಾಲು ಚಹಾ ಚಮಚ ಏಲಕ್ಕಿ ಪುಡಿ, ಒಂದು ಚಿಟಿಕೆ ಉಪ್ಪು. ಹಣ್ಣು 150 ಗ್ರಾಂ, ಪಿಸ್ತಾ ಬಾದಾಮಿ ತರಿ 25 ಗ್ರಾಂ. ಇಷ್ಟು ಸೇರಿದರೆ 20 ಸೆಂಟಿಮೀಟರ್ ಅಗಲದ ಎರಡು ಸ್ಟೀಲ್ ತಟ್ಟೆಗಳಿಗೆ 8 ಮಿಲಿಮೀಟರ್ ದಪ್ಪಕ್ಕೆ ಸರಿಹೋಗುತ್ತದೆ. ಕ್ರೀಮ್ ಬದಲು ಮನೆಯ ಕೆನೆ ಹಾಕಬಹುದು. ಆದರೆ ಅದು ಒಂದೆರಡು ದಿನದೊಳಗಿನದಾಗಿರಲಿ, ಜರಡಿಯಲ್ಲಿ ಒತ್ತಿ ತೆಗೆಯಿರಿ. ಫ್ರಿಜ್ಜಿನಲ್ಲಿ ವಾರ ಕೂಡಿಟ್ಟ ಕೆನೆ ಕಡೆದರೆ ಬೆಣ್ಣೆಯ ಕಾಳಾಗುತ್ತದೆ, ಅವು ಬಿಲ್ಲೆಯಲ್ಲಿ ಮೇಣದ ತುಣುಕಿನಂತೆ ನಾಲಿಗೆಗೆ ಹತ್ತುತ್ತವೆ.

ಬೆರೆಸುವಾಗ ಮಿಕ್ಸಿಯ ತಂಟೆಗೆ ಹೋಗಬೇಡಿ. ಮಿಕ್ಸಿಯ ಬ್ಲೇಡು ಮೊಸರಿನ ಕಟ್ಟನ್ನೇ ಒಡೆದುಹಾಕುತ್ತದೆ, ಎಂಟು ಗಂಟೆ ಕಟ್ಟಿಟ್ಟ ಮೊಸರು ಅರ್ಧ ನಿಮಿಷದಲ್ಲಿ ಲಸ್ಸಿಯಾಗುತ್ತದೆ. ಮನೆಯಲ್ಲಿ ಹೋಳಿಗೆಯ ಪುರಣ ಯಂತ್ರ ಇದ್ದರೆ ಮೊಸರು, ಸಕ್ಕರೆ ಪುಡಿ ಎರಡನ್ನೂ ಒಟ್ಟಿಗೆ ಹಾಕಿ ತಿರುವಿ. ಪುಣೆಯ ಕಡೆ ಶ್ರೀಖಂಡಕ್ಕೆ ಹೀಗೇ ಮಾಡುತ್ತಾರೆ, ಒಂದೇ ಸುತ್ತಿಗೆ ಗಂಟೆಲ್ಲ ಹೋಗುತ್ತದೆ. ಇಲ್ಲವಾದರೆ ಸ್ಟೀಲಿನ ಜರಡಿಯ ಮೇಲೆ ಸೌಟಿನ ಬೆನ್ನಿನಿಂದ ತಿಕ್ಕಿ ಇಳಿಸಿ. ಆಮೇಲೆ ಕ್ರೀಮ್, ಏಲಕ್ಕಿ, ಉಪ್ಪು ಸೇರಿಸಿ ಕೈಯಿಂದಲೇ ಕಲಸಿ, ಮುಚ್ಚಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಸಕ್ಕರೆ ಪೂರ್ತಿ ಕರಗಲು ಇಷ್ಟು ಸಮಯ ಬೇಕು. ಕರಗದೆ ಉಳಿದ ಸಕ್ಕರೆ ಬಾಯಿಗೆ ಮರಳಿನಂತೆ ಸಿಗುತ್ತದೆ, ಬಿಲ್ಲೆಯನ್ನು ಮೆದುವಾಗಿಡುವ ಕೆಲಸಕ್ಕೂ ಬರುವುದಿಲ್ಲ. ಹೊರತೆಗೆದಾಗ ಮಿಶ್ರಣ ಸ್ವಲ್ಪ ಸಡಿಲವಾಗಿ ಕಾಣುತ್ತದೆ, ಗಾಬರಿ ಬೇಡ. ಚಮಚದಿಂದ ಎತ್ತಿ ಬಿಟ್ಟರೆ ಮುದ್ದೆಯಾಗಿ ಬಿದ್ದು ನಿಧಾನವಾಗಿ ಹರಡಬೇಕು. ಬೆರಳಿನಿಂದ ಗೀಟೆಳೆದರೆ ಹತ್ತು ಎಣಿಸುವವರೆಗೆ ಆ ಗೀಟು ಹಾಗೇ ಇರಬೇಕು.

ಸಕ್ಕರೆ ಕಡಿಮೆ ಮಾಡುವ ಪ್ರಶ್ನೆಗೆ ಇಲ್ಲೇ ಉತ್ತರಿಸುವುದು ಒಳ್ಳೆಯದು. ಇಲ್ಲಿ ಸಕ್ಕರೆ ಬರೀ ಸಿಹಿಗಲ್ಲ. ನೀರಿನಲ್ಲಿ ಕರಗಿದ ಸಕ್ಕರೆ ಆ ನೀರು ಐಸಾಗುವ ಬಿಂದುವನ್ನು ಕೆಳಗಿಳಿಸುತ್ತದೆ. ಮೈನಸ್ 18 ಡಿಗ್ರಿಯಲ್ಲಿ ಒಂದು ಗ್ರಾಂ ಸಕ್ಕರೆ ಸುಮಾರು ಅರ್ಧ ಗ್ರಾಂ ನೀರನ್ನು ಐಸಾಗದಂತೆ ಪಾಕದ ರೂಪದಲ್ಲಿ ಹಿಡಿದಿಡುತ್ತದೆ. ಹರಳುಗಳ ನಡುವೆ ಉಳಿಯುವ ಆ ಪಾಕವೇ ಬಿಲ್ಲೆಯನ್ನು ಹಲ್ಲಿಗೆ ಮೆದುವಾಗಿಸುವುದು. 70 ಗ್ರಾಮನ್ನು 45ಕ್ಕೆ ಇಳಿಸಿದರೂ ಬಿಲ್ಲೆ ಬರುತ್ತದೆ, ಆದರೆ ದಪ್ಪವನ್ನು 5 ಮಿಲಿಮೀಟರಿಗೆ ಇಳಿಸಿ, ಕ್ರೀಮನ್ನು 80 ಗ್ರಾಮಿಗೆ ಏರಿಸಿ. ಅದಕ್ಕಿಂತ ಕೆಳಗೆ ಹೋದರೆ ಕಲ್ಲೇ. ಸ್ಟೀವಿಯಾದಂಥವು ಸಿಹಿ ಕೊಡುತ್ತವೆ, ಆದರೆ ಚಿಟಿಕೆಯಷ್ಟೇ ಹಾಕುವುದರಿಂದ ನೀರನ್ನು ಹಿಡಿದಿಡುವ ಶಕ್ತಿ ಅವಕ್ಕಿಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಈ ತಿಂಡಿಯನ್ನು ಸ್ಟೀವಿಯಾ ಹಾಕಿ ಫ್ರೀಜ್ ಮಾಡುವುದಕ್ಕಿಂತ ಕಟ್ಟಿದ ಮೊಸರು, ಹಣ್ಣನ್ನು ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ ಬಟ್ಟಲಿಗೆ ಹಾಕಿ ಕೊಡುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ. ಮತ್ತೊಂದು ಮಾತು: ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ. ಕಲಸಿದಾಗ ಸರಿಯಾಗಿದೆ ಅನ್ನಿಸಿದ ಮಿಶ್ರಣ ಫ್ರೀಜ್ ಆದ ಮೇಲೆ ಸಪ್ಪೆ. ಕಲಸುವಾಗ ಒಂದು ಗುಟುಕು ಹೆಚ್ಚೇ ಸಿಹಿ ಇರಲಿ.

ಜೇನು ಹಾಕಿದ್ದು ತಪ್ಪಲ್ಲ. ಜೇನಿನ ಸಕ್ಕರೆಯ ಕಣಗಳು ಚಿಕ್ಕವು, ತೂಕಕ್ಕೆ ತೂಕ ನೋಡಿದರೆ ಮನೆ ಸಕ್ಕರೆಗಿಂತ ಹೆಚ್ಚು ಮೆದುವಾಗಿಸುತ್ತವೆ. 70 ಗ್ರಾಮಿನಲ್ಲಿ 20 ಗ್ರಾಂ ಜೇನು, 50 ಗ್ರಾಂ ಸಕ್ಕರೆ ಒಳ್ಳೆಯ ಹದ. ಪೂರ್ತಿ ಜೇನಾದರೆ ಬಿಲ್ಲೆ ಕೈಯಲ್ಲಿ ಹಿಡಿಯುವಷ್ಟರಲ್ಲೇ ಅಂಟಂಟಾಗುತ್ತದೆ, ಮೊಸರಿನ ರುಚಿಯೂ ಅಡಗುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಹಾಕಿದ್ದನ್ನು ಕೊಡಲೇಬಾರದು, ಫ್ರೀಜ್ ಮಾಡಿದರೂ ಅದರ ಅಪಾಯ ಹೋಗುವುದಿಲ್ಲ. ಬೆಲ್ಲ ಬೇಕೆನ್ನುವವರು ಎರಡು ಚಮಚ ನೀರಿನಲ್ಲಿ ಕರಗಿಸಿ, ಸೋಸಿ, ಗಟ್ಟಿ ಪಾಕ ಮಾಡಿ, ಪೂರ್ತಿ ಆರಿದ ಮೇಲೆ ಹಾಕಲಿ. ಚಿಕ್ಕು, ಬಾಳೆಹಣ್ಣಿನ ಜೊತೆ ಅದು ಹೊಂದುತ್ತದೆ, ಸ್ಟ್ರಾಬೆರಿಗೆ ಹೊಂದುವುದಿಲ್ಲ.

ಹಣ್ಣಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮೊಸರನ್ನು ಸರಿಮಾಡಿಕೊಂಡವರೂ ಇಲ್ಲಿ ಎಡವುತ್ತಾರೆ. ಹಸಿ ಹಣ್ಣಿನ ಹೋಳು ಎಂದರೆ ನೀರಿನ ಚೀಲ. ನಿಮಗೆ ಐಸ್ ಕಚ್ಚಿದಂತಾದದ್ದು ಅದಕ್ಕೇ. ಸ್ಟ್ರಾಬೆರಿಯನ್ನು ತೊಟ್ಟು ಸಮೇತ ತೊಳೆಯಿರಿ. ತೊಟ್ಟು ಕಿತ್ತು ತೊಳೆದರೆ ಆ ಕುಳಿಯಿಂದ ನೀರು ಒಳಗೆ ಸೇರುತ್ತದೆ. ಬಟ್ಟೆಯ ಮೇಲೆ ಹರಡಿ ಪೂರ್ತಿ ಒರೆಸಿ, ಆಮೇಲೆ ತೊಟ್ಟು ತೆಗೆದು 3–4 ಮಿಲಿಮೀಟರ್ ದಪ್ಪಕ್ಕೆ ಹೆಚ್ಚಿ. 150 ಗ್ರಾಮಿಗೆ ಒಂದೂವರೆ ದೊಡ್ಡ ಚಮಚ ಸಕ್ಕರೆ ಉದುರಿಸಿ ಅರ್ಧ ಗಂಟೆ ಬಿಡಿ. ಬಟ್ಟಲಿನ ತಳದಲ್ಲಿ ಕೆಂಪು ರಸ ನಿಂತಿರುತ್ತದೆ. ಹಣ್ಣಿನಿಂದ ನೀರು ಹೊರಗೆ ಬಂದಿದೆ, ಹಣ್ಣಿನೊಳಗೆ ಸಕ್ಕರೆ ಹೋಗಿದೆ ಎಂದರ್ಥ. ರಸ ಬಸಿದು ಹೋಳನ್ನು ಮಾತ್ರ ಹಾಕಿ. ಆ ರಸವನ್ನು ಚಿಕ್ಕ ಬಾಣಲೆಯಲ್ಲಿ ಎರಡು ಮೂರು ನಿಮಿಷ ಕುದಿಸಿ ಪಾಕದಂತಾದಾಗ ಇಳಿಸಿ, ಆರಿಸಿ, ಮೊಸರಿನ ಮೇಲೆ ಎಳೆಯಾಗಿ ಬಿಟ್ಟು ಚಮಚದ ಹಿಡಿಯಿಂದ ಒಮ್ಮೆ ಎಳೆದರೆ ಚೆಂದದ ಬಣ್ಣದ ಸುಳಿ ಬರುತ್ತದೆ.

ಮಹಾಬಳೇಶ್ವರದ ಸ್ಟ್ರಾಬೆರಿ ನವೆಂಬರ್ ಕೊನೆಯಿಂದ ಮಾರ್ಚಿನವರೆಗೆ ಮುಂಬಯಿ, ಪುಣೆ ಎರಡೂ ಕಡೆ ಸಿಗುತ್ತದೆ. ಸ್ಟೇಷನ್ ಹೊರಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೊಳ್ಳುವಾಗ ಡಬ್ಬಿ ತಿರುಗಿಸಿ ತಳ ನೋಡಿ, ಕೆಳಗಿನ ಸಾಲು ನೀರೊಡೆದಿದ್ದರೆ ಬಿಡಿ. ಸೀಸನ್ನಿನ ಮೊದಲ ಹಣ್ಣು ಹುಳಿ, ಜನವರಿ ಫೆಬ್ರವರಿಯದು ಈ ತಿಂಡಿಗೆ ತಕ್ಕದ್ದು.

ಹಾಪೂಸಿಗೆ ಬರೋಣ. ರತ್ನಾಗಿರಿ, ದೇವಗಡದ ಹಾಪೂಸ್ ಮಾರ್ಚ್ ಕೊನೆಯಿಂದ ಮೇ ತನಕ. ಗೋವಾದವರಿಗೆ ಮಾನ್ಕುರಾದ್ ಇದೆ, ಅದೂ ಇದಕ್ಕೆ ಸೊಗಸಾಗಿ ಒಗ್ಗುತ್ತದೆ. ಮಾವನ್ನು ಎರಡು ರೀತಿಯಲ್ಲಿ ಬಳಸಬಹುದು. ಹೋಳಾಗಿ ಹಾಕುವುದಾದರೆ ಗಟ್ಟಿ ಹಣ್ಣು ಆರಿಸಿ, ಒಂದು ಸೆಂಟಿಮೀಟರಿನ ಚೌಕ ಮಾಡಿ, ಸಕ್ಕರೆ ಹಾಕುವ ಅಗತ್ಯವಿಲ್ಲ, ಅದರದೇ ಸಿಹಿ ಸಾಕು. ರಸವಾಗಿ ಬೆರೆಸುವುದಾದರೆ 200 ಗ್ರಾಂ ರಸವನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೆದಕುತ್ತಾ 140 ಗ್ರಾಮಿಗೆ ಇಳಿಸಿ. ಸೌಟು ಎಳೆದರೆ ತಳ ಒಂದು ಕ್ಷಣ ಕಾಣಬೇಕು. ಹಸಿ ರಸವನ್ನೇ ಸುರಿದರೆ ಕಟ್ಟಿ ತೆಗೆದ ನೀರನ್ನು ಮಾವಿನ ಹೆಸರಿನಲ್ಲಿ ಮತ್ತೆ ಸೇರಿಸಿದಂತಾಗುತ್ತದೆ. ಕಾಯಿಸಿದರೆ ತಾಜಾ ಪರಿಮಳ ಕೊಂಚ ಹೋಗುವುದು ನಿಜ, ಅದಕ್ಕೆ ಮೇಲೆ ನಾಲ್ಕು ಹಸಿ ಹೋಳು ಇಟ್ಟರೆ ಸರಿದೂಗುತ್ತದೆ. ಆಮ್ರಖಂಡದ (ಮಾವಿನ ಶ್ರೀಖಂಡದ) ಜಾಡಿನಲ್ಲೇ ಕೇಸರಿಯ ನಾಲ್ಕು ಎಳೆ, ಏಲಕ್ಕಿ ಹಾಕಿ. ಸಕ್ಕರೆ 55 ಗ್ರಾಂ ಸಾಕು. ಡಬ್ಬಿಯ ಮಾವಿನ ರಸ ತರುವುದಾದರೆ ಲೇಬಲ್ ಓದಿ. ಸಕ್ಕರೆ ಹಾಕಿದ್ದು, ಹಾಕದ್ದು ಎರಡೂ ಬರುತ್ತವೆ, ಹಾಕಿದ್ದಾದರೆ ನಮ್ಮ ಅಳತೆಯಲ್ಲಿ ಇನ್ನೂ 20 ಗ್ರಾಂ ಇಳಿಸಿ.

ಬೇರೆ ಹಣ್ಣುಗಳಲ್ಲಿ ಚಿಕ್ಕು, ಸೀತಾಫಲ ಇವೆರಡಕ್ಕೆ ಮೊದಲ ಸ್ಥಾನ ಕೊಡಬೇಕು. ಎರಡರಲ್ಲೂ ನೀರು ಕಡಿಮೆ, ಸಕ್ಕರೆ ಹೆಚ್ಚು, ಆದ್ದರಿಂದ ಫ್ರೀಜರಿನಲ್ಲೂ ಮೆತ್ತಗೇ ಇರುತ್ತವೆ. ಡಹಾಣು–ಘೋಲವಡದ ಚಿಕ್ಕು ಸಿಪ್ಪೆ ತೆಗೆದು ಕಿವುಚಿ ಮೊಸರಿನಲ್ಲೇ ಬೆರೆಸಿಬಿಡಿ. ಪುಣೆಯ ಹತ್ತಿರದ ಸಾಸವಡ ಕಡೆಯಿಂದ ಮಳೆಗಾಲದ ಕೊನೆಗೆ ಬರುವ ಸೀತಾಫಲದ ತಿರುಳನ್ನು ಬೀಜ ಒಂದೂ ಉಳಿಯದಂತೆ ಬಿಡಿಸಿ ಹಾಕಿ. ಬಾಳೆಹಣ್ಣು ಕರಿಹತ್ತುತ್ತದೆ, ಹೋಳುಗಳಿಗೆ ನಿಂಬೆರಸ ಸವರಿ, ಮೊಸರಿನ ಒಳಗೆ ಮುಳುಗುವಂತೆ ಇಡಿ. ದಾಳಿಂಬೆ ಕಾಳು ನೋಡಲು ಚೆಂದ, ಫ್ರೀಜ್ ಆದ ಮೇಲೆ ಗುಂಡಿನಂತೆ ಗಟ್ಟಿ. ಕೊಡುವಾಗ ಮೇಲೆ ಉದುರಿಸಿ, ಒಳಗೆ ಹಾಕಬೇಡಿ. ಕಲ್ಲಂಗಡಿ, ಮೋಸಂಬಿ, ಕಿತ್ತಳೆ ಬೇಡವೇ ಬೇಡ.

ಅನಾನಸ್ ಕಹಿಯಾದದ್ದಕ್ಕೆ ನೀರು ಕಾರಣವಲ್ಲ. ಹಸಿ ಅನಾನಸಿನಲ್ಲಿ ಬ್ರೊಮೆಲಿನ್ ಎಂಬ ಕಿಣ್ವ ಇದೆ, ಅದು ಹಾಲಿನ ಪ್ರೋಟೀನನ್ನು ತುಂಡರಿಸುತ್ತದೆ. ತುಂಡಾದ ಆ ಚಿಕ್ಕ ಭಾಗಗಳೇ ಕಹಿ. ಅರ್ಧ–ಒಂದು ಗಂಟೆಯಲ್ಲೇ ಇದು ಶುರುವಾಗುತ್ತದೆ, ಜೊತೆಗೆ ಮೊಸರೂ ನೀರಾಗುತ್ತದೆ. ಫ್ರೀಜರಿನ ಚಳಿಗೆ ಕಿಣ್ವ ಮಂದವಾಗುತ್ತದೆ, ಸಾಯುವುದಿಲ್ಲ. ಶಾಖಕ್ಕೆ ಸಾಯುತ್ತದೆ. 100 ಗ್ರಾಂ ಅನಾನಸ್ ಚೂರಿಗೆ ಒಂದು ದೊಡ್ಡ ಚಮಚ ಸಕ್ಕರೆ ಹಾಕಿ, ರಸ ಕುದಿದು ಹೆಚ್ಚುಕಡಿಮೆ ಇಂಗುವವರೆಗೆ ಐದಾರು ನಿಮಿಷ ಬೇಯಿಸಿ, ಪೂರ್ತಿ ತಣ್ಣಗೆ ಮಾಡಿ ಬಳಸಿ. ಡಬ್ಬಿಯ ಅನಾನಸ್ ಮೊದಲೇ ಬೆಂದದ್ದು, ರಸ ಬಸಿದರೆ ಸಾಕು. ಕಿವಿಹಣ್ಣು, ಹಸಿ ಅಂಜೂರ, ಪಪ್ಪಾಯಿಗೂ ಇದೇ ಮಾತು, ಅವುಗಳಲ್ಲೂ ಇಂಥ ಕಿಣ್ವಗಳಿವೆ. ಪುರಂದರದ ತಾಜಾ ಅಂಜೂರ ಸಿಕ್ಕರೆ ಹೀಗೆ ಬೇಯಿಸಿ ಹಾಕಿ, ಇಲ್ಲವೇ ಒಣ ಅಂಜೂರವನ್ನು ಬಿಸಿ ನೀರಿನಲ್ಲಿ ಮೆತ್ತಗಾಗಿಸಿ ಒರೆಸಿ ಚೂರು ಮಾಡಿ. ಒಣ ಹಣ್ಣು ಈ ತಿಂಡಿಗೆ ಎಲ್ಲ ಕಾಲಕ್ಕೂ ನಂಬಿಕಸ್ಥ.

ಇನ್ನು ತಟ್ಟೆಗೆ ಹರಡುವುದು. ತಟ್ಟೆ ಸ್ಟೀಲಿನದೋ ಅಲ್ಯುಮಿನಿಯಮಿನದೋ ಆಗಿರಲಿ, ಗಾಜು ಪ್ಲಾಸ್ಟಿಕ್ ಬೇಡ. ಲೋಹ ಚಳಿಯನ್ನು ಬೇಗ ದಾಟಿಸುತ್ತದೆ, ಬೇಗ ಫ್ರೀಜ್ ಆದಷ್ಟೂ ಐಸಿನ ಹರಳು ಸಣ್ಣದು. ಬೇಕಿಂಗ್ ಪಾರ್ಚ್‌ಮೆಂಟ್ ಹಾಸಿ. ಕಿರಾಣಿ ಅಂಗಡಿಯ ಸಾದಾ ಬಟರ್ ಪೇಪರ್ ಒದ್ದೆಯಾಗಿ ಬಿಲ್ಲೆಗೆ ಅಂಟುತ್ತದೆ. ಪಾರ್ಚ್‌ಮೆಂಟ್ ಸಿಗದಿದ್ದರೆ ಆಹಾರಕ್ಕೆ ಬಳಸುವ ದಪ್ಪ ಪ್ಲಾಸ್ಟಿಕ್ ಹಾಳೆ ಸಾಕು. ಹಾಳೆ ಹಾಸಿದ ತಟ್ಟೆಯನ್ನು ಕಾಲು ಗಂಟೆ ಮೊದಲೇ ಫ್ರೀಜರಿನಲ್ಲಿಟ್ಟು ತಣ್ಣಗೆ ಮಾಡಿಕೊಳ್ಳಿ, ಹಣ್ಣೂ ಫ್ರಿಜ್ಜಿನಿಂದ ನೇರ ಬರಲಿ. ಹಲ್ಲುಕಡ್ಡಿಯ ತುದಿಗೆ 8 ಮಿಲಿಮೀಟರಿಗೆ ಗುರುತು ಮಾಡಿ ಅಲ್ಲಲ್ಲಿ ಚುಚ್ಚಿ ನೋಡಿ. ನಡುವೆ ದಪ್ಪ, ಅಂಚಿಗೆ ತೆಳು ಆದರೆ ಅಂಚು ಕಲ್ಲಾಗುವ ಹೊತ್ತಿಗೆ ನಡು ಇನ್ನೂ ಹಸಿಯಾಗಿರುತ್ತದೆ. ಹಣ್ಣಿನ ಹೋಳನ್ನು ಬೆರಳಿನಿಂದ ಅರ್ಧ ಮುಳುಗುವಷ್ಟು ಒತ್ತಿ. ಬರೀ ಮೇಲಿಟ್ಟರೆ ಮುರಿಯುವಾಗ ಉದುರಿಹೋಗುತ್ತದೆ.

ತಟ್ಟೆ ಫ್ರೀಜರಿನ ತಳಕ್ಕೆ ಸಮತಟ್ಟಾಗಿ ತಾಗಿರಬೇಕು, ಬಟಾಣಿ ಪ್ಯಾಕೆಟ್ಟಿನ ಮೇಲಲ್ಲ. ಮುಕ್ಕಾಲು ಗಂಟೆಗೆ ಮೇಲ್ಮೈ ಬಿಗಿಯಾಗುತ್ತದೆ, ಆಗ ಹಾಳೆ ಮುಚ್ಚಿ. ಒಂದೂಕಾಲು ಗಂಟೆಯ ಸುಮಾರಿಗೆ ಅಂಚು ಗಟ್ಟಿಯಾಗಿ ನಡು ಇನ್ನೂ ಬೆಣ್ಣೆಯ ಹದದಲ್ಲಿರುತ್ತದೆ. ಬಿಸಿ ನೀರಿನಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಚೌಕ ಗೀಟು ಹಾಕಲು ಅದೇ ಸಮಯ. ನಾಲ್ಕು ಗಂಟೆಯ ಮೇಲೆ ಹಾಳೆ ಸಮೇತ ಎತ್ತಿ ಮಡಚಿದರೆ ಆ ಗೀಟಿನಲ್ಲೇ ಟಪ್ಪೆಂದು ಮುರಿಯುತ್ತದೆ. ಗೀಟು ಹಾಕದೆ ಆಮೇಲೆ ಚಾಕು ಹಿಡಿದರೆ ಬಿಲ್ಲೆ ಪುಡಿಯಾಗುತ್ತದೆ, ಚಾಕು ಜಾರಿ ಕೈಗೂ ಬರಬಹುದು.

ಮೇಲೆ ಕೂತ ಮಂಜಿನ ಪುಡಿ ನಿಮ್ಮ ಮೊಸರಿನದಲ್ಲ, ಬಹುಪಾಲು ನಮ್ಮ ಗಾಳಿಯದು. ಮುಂಬಯಿಯ ತೇವದ ಗಾಳಿಗೆ ಮೈನಸ್ 18ರ ಬಿಲ್ಲೆ ತಾಗಿದ ಕ್ಷಣವೇ ಅದರ ಮೇಲೆ ನೀರು ಕೂರುತ್ತದೆ, ಮತ್ತೆ ಒಳಗಿಟ್ಟರೆ ಅದೇ ಮಂಜು. ಟ್ರೇ ಮುಚ್ಚದೆ ರಾತ್ರಿಯಿಡೀ ಇಟ್ಟರೂ ಹೀಗಾಗುತ್ತದೆ. ಮುರಿದ ಬಿಲ್ಲೆಗಳನ್ನು ಪದರಗಳ ನಡುವೆ ಹಾಳೆ ಹಾಕಿ ಗಾಳಿಯಾಡದ ಡಬ್ಬಿಗೆ ತುಂಬಿ, ಒಂದು ಸಲಕ್ಕೆ ಬೇಕಾದಷ್ಟನ್ನೇ ತೆಗೆದು ಕೂಡಲೇ ಮುಚ್ಚಿ. ಎರಡು ಚಿಕ್ಕ ಡಬ್ಬಿ ಒಂದು ದೊಡ್ಡದಕ್ಕಿಂತ ವಾಸಿ. ಮೀನು ಇಡುವ ಫ್ರೀಜರ್ ಆದರೆ ಡಬ್ಬಿಯನ್ನು ಇನ್ನೊಂದು ಜಿಪ್ ಚೀಲದೊಳಗೆ ಹಾಕಿ. ಮೊಸರಿನ ಕೊಬ್ಬು ಬಂಗಡೆಯ ವಾಸನೆಯನ್ನು ಎರಡೇ ದಿನದಲ್ಲಿ ಹೀರಿಕೊಳ್ಳುತ್ತದೆ, ಹತ್ತಿದ ವಾಸನೆ ಆಮೇಲೆ ಹೋಗದು. ಬಾಗಿಲಿನ ಹತ್ತಿರ ಇಡದೆ ಹಿಂಬದಿಗೆ ತಳ್ಳಿ. ಹತ್ತು–ಹದಿನೈದು ದಿನ ರುಚಿ ಚೆನ್ನಾಗಿರುತ್ತದೆ, ಆಮೇಲೆ ಹರಳು ದೊಡ್ಡದಾಗುತ್ತಾ ಹೋಗುತ್ತದೆ.

ಒಂಟಿ ಬಾಗಿಲಿನ ಹಳೆಯ ಫ್ರಿಜ್ಜುಗಳ ಫ್ರೀಜರ್ ಎಷ್ಟೋ ಸಲ ಮೈನಸ್ 18 ಮುಟ್ಟುವುದೇ ಇಲ್ಲ. ಪರೀಕ್ಷೆ ಸುಲಭ: ಒಂದು ದಿನ ಒಳಗಿಟ್ಟ ಐಸ್‌ಕ್ರೀಮಿಗೆ ಚಮಚ ಬೆಣ್ಣೆಗೆ ಇಳಿದಷ್ಟು ಸುಲಭವಾಗಿ ಇಳಿದರೆ ಚಳಿ ಸಾಲದು. ಒಳಗೆ ಐಸ್ ಕಟ್ಟಿದ್ದರೆ ಮೊದಲು ಡಿಫ್ರಾಸ್ಟ್ ಮಾಡಿ, ಡಯಲನ್ನು ಹಿಂದಿನ ರಾತ್ರಿಯೇ ಏರಿಸಿ. ಕರೆಂಟ್ ಹೋಗಿ ಬಿಲ್ಲೆ ಕರಗಿದ್ದರೆ ಮತ್ತೆ ಫ್ರೀಜ್ ಮಾಡಲು ಹೋಗಬೇಡಿ. ತಣ್ಣಗಿರುವಾಗಲೇ ನೀರು, ಉಪ್ಪು ಸೇರಿಸಿ ಲಸ್ಸಿ ಮಾಡಿ ಕುಡಿದುಬಿಡಿ. ಹೊರಗಿನ ಸೆಕೆಯಲ್ಲಿ ಎರಡು ಗಂಟೆ ಮೀರಿ ಇದ್ದದ್ದಾದರೆ ಚೆಲ್ಲಿ. ಚಳಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೆ. ಇದೇ ಕಾರಣಕ್ಕೆ ಶಾಲೆಯ ಡಬ್ಬಿಗೆ ಹಾಕಿ ಕಳಿಸುವ ತಿಂಡಿಯೂ ಇದಲ್ಲ.

ಕೊಡುವಾಗ ಫ್ರೀಜರಿನಿಂದ ತೆಗೆದು ಎರಡು ಮೂರು ನಿಮಿಷ ಬಿಡಿ, ಪುಣೆಯ ಚಳಿಗಾಲದಲ್ಲಿ ಐದು ನಿಮಿಷ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ದ್ರಾಕ್ಷಿ ಹಾಕುವುದಾದರೆ ಉದ್ದಕ್ಕೆ ನಾಲ್ಕು ಸೀಳು ಮಾಡಿ. ಫ್ರೀಜ್ ಆದ ಇಡೀ ದ್ರಾಕ್ಷಿ ಐದು ವರ್ಷದೊಳಗಿನವರ ಗಂಟಲಿಗೆ ಅಡ್ಡ ಕೂತರೆ ಉಸಿರೇ ಕಟ್ಟುತ್ತದೆ. ಅವರಿಗೆ ಬಾದಾಮಿ, ಪಿಸ್ತಾ ಕೂಡ ತರಿಯಲ್ಲ, ಪುಡಿ ಮಾಡಿಯೇ ಹಾಕಿ.

ನಿಮ್ಮ ಕೊನೆಯ ಪ್ರಶ್ನೆ ಶ್ರೀಖಂಡದ್ದು. ಧಾರಾಳವಾಗಿ ಬಳಸಬಹುದು, ಆದರೆ ಅದೊಂದನ್ನೇ ಅಲ್ಲ. ಅಂಗಡಿಯ ಶ್ರೀಖಂಡದಲ್ಲಿ ಸಕ್ಕರೆ ಎಷ್ಟಿರುತ್ತದೆಂದರೆ ಅದು ಫ್ರೀಜರಿನಲ್ಲೂ ಬಿಲ್ಲೆಯಾಗಿ ಮುರಿಯುವಷ್ಟು ಗಟ್ಟಿಯಾಗುವುದಿಲ್ಲ, ಜಗಿಯುವ ಹದದಲ್ಲೇ ನಿಂತು ಕೈಗೆ ಅಂಟುತ್ತದೆ. 250 ಗ್ರಾಂ ಶ್ರೀಖಂಡಕ್ಕೆ 250 ಗ್ರಾಂ ಸಪ್ಪೆ ಚಕ್ಕಾ ಸೇರಿಸಿ, ಬೇರೆ ಸಕ್ಕರೆ ಹಾಕದೆ, ಕ್ರೀಮೂ ಹಾಕದೆ ಕಲಸಿ ಮೇಲಿನಂತೆಯೇ ಹರಡಿ. ಏಲಕ್ಕಿ ಕೇಸರಿಯ ಶ್ರೀಖಂಡವಾದರೆ ಚಿಕ್ಕು ಅಥವಾ ಒಣ ಅಂಜೂರ, ಆಮ್ರಖಂಡವಾದರೆ ಹಾಪೂಸ್ ಹೋಳು. ಮೊಸರು ಕಟ್ಟಲು ಪುರುಸೊತ್ತಿಲ್ಲದ ದಿನ ಡೇರಿಯಿಂದ ಇವೆರಡನ್ನೂ ತಂದು ಸಂಜೆ ನಾಲ್ಕಕ್ಕೆ ತಟ್ಟೆಗೆ ಹರಡಿದರೆ ರಾತ್ರಿ ಊಟದ ಹೊತ್ತಿಗೆ ಬಿಲ್ಲೆ ತಯಾರಾಗಿರುತ್ತದೆ.